ಆರು ವರ್ಷ ಎಂಟು ತಿಂಗಳು

2023ರ ಫೆಬ್ರವರಿ ಇಡೀ ನನಗಿದ್ದದ್ದು ಒಂದೇ ಕೆಲಸ. ಆಫರ್ ಲೆಟರ್ ಇಟ್ಟುಕೊಂಡು ಕಾದಿದ್ದ ಇಪ್ಪತ್ತಮೂರು ಮಂದಿಗೆ ಫೋನ್ ಮಾಡಿ, ‘ನಿಮ್ಮ ಜಾಯ್ನಿಂಗ್ ಡೇಟ್ ಸ್ವಲ್ಪ ಮುಂದೆ ಹೋಗಿದೆ’ ಎನ್ನುವುದು. ಎಷ್ಟು ಮುಂದೆ ಎಂದು ನಮಗೇ ಗೊತ್ತಿರಲಿಲ್ಲ. ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ಒಂದು ಹಾಳೆ ಇತ್ತು. ‘ಕ್ಯಾನ್ಸಲ್’ ಅನ್ನಬಾರದು, ‘ಹೋಲ್ಡ್’ ಅನ್ನಬೇಕು. ‘ಇದಕ್ಕೂ ನಿಮ್ಮ ಯೋಗ್ಯತೆಗೂ ಸಂಬಂಧವಿಲ್ಲ’ ಎಂದು ಒಮ್ಮೆಯಾದರೂ ಹೇಳಬೇಕು. ಆ ಹಾಳೆ ಬರೆದವಳು ನಾನೇ. ಚೆನ್ನಾಗಿ ಬರೆದಿದ್ದೀಯ ಎಂದು ಮ್ಯಾನೇಜರ್ ಹೊಗಳಿದ್ದರು ಕೂಡ.

ಹದಿನೇಳನೆಯವನೋ ಹದಿನೆಂಟನೆಯವನೋ, ಹುಬ್ಬಳ್ಳಿ ಕಡೆಯ ಹುಡುಗ. ಪುಣೆಯಲ್ಲಿ ಕೆಲಸದಲ್ಲಿದ್ದ. ನನ್ನ ಇಂಗ್ಲಿಷ್ ಕೇಳಿಯೇ ಕನ್ನಡದವಳೆಂದು ಗೊತ್ತು ಹಚ್ಚಿದ. ‘ಮೇಡಂ, ನಾ ಪೇಪರ್ ಹಾಕೇನ್ರಿ. ಇವತ್ತು ಲಾಸ್ಟ್ ಡೇ. ಕೇಕ್ ತಂದಾರ ಇಲ್ಲಿ. ಈಗ ಒಳಗ ಹೋಗಿ ಏನಂತ ಹೇಳ್ಲಿ?’ ಹಿಂದೆ ಯಾರೋ ಅವನ ಹೆಸರು ಹಿಡಿದು ಕರೆಯುವುದೂ ಕೇಳುತ್ತಿತ್ತು. ನಾನು ಹಾಳೆಯಲ್ಲಿದ್ದ ಸಾಲನ್ನೇ ಕನ್ನಡದಲ್ಲಿ ಹೇಳಲು ಹೋದೆ. ಬರಲಿಲ್ಲ. ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಹೇಳುತ್ತಿದ್ದ ಮಾತು ಕನ್ನಡದಲ್ಲಿ ಬಾಯಿಂದ ಹೊರಡಲೇ ಇಲ್ಲ. ಮತ್ತೆ ಇಂಗ್ಲಿಷಿಗೇ ತಿರುಗಿ ಹೇಳಿ ಮುಗಿಸಿ ಫೋನಿಟ್ಟೆ.

ನಾನು ಮುಂಬೈ ಬಳಿಯ ಡೊಂಬಿವಲಿ ಪೂರ್ವದವಳು. ಐರೋಲಿಯ ಐಟಿ ಪಾರ್ಕಿನ ಒಂದು ಕಂಪನಿಯಲ್ಲಿ 2016ರ ಜುಲೈನಿಂದ ರಿಕ್ರೂಟರ್ ಆಗಿದ್ದೆ. ಕಂಪನಿಯ ಹೆಸರು ಬೇಡ. ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಕಟ್ಟಡಗಳಿವೆ, ಅಲ್ಲಿಯವರೂ ತಮ್ಮದೇ ಕಥೆ ಎಂದುಕೊಂಡರೆ ತಪ್ಪಾಗಲಾರದು.

ಆ ಫೋನ್ ಕರೆಗಳಿಗೆ ಒಂದೂವರೆ ವರ್ಷ ಮುಂಚೆ ನಮ್ಮ ವಿಭಾಗದ ವೈಭವ ನೋಡಬೇಕಿತ್ತು. ಕೊರೊನಾದ ಎರಡನೇ ಅಲೆ ಇಳಿದದ್ದೇ ತಡ, ಎಲ್ಲ ಕಂಪನಿಗಳಿಗೂ ಏಕಕಾಲಕ್ಕೆ ಜನ ಬೇಕಾದರು. 2022ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಬಿಟ್ಟುಹೋಗುವವರ ಪ್ರಮಾಣ ನೂರಕ್ಕೆ 28.4 ಎಂದು ಪ್ರಕಟವಾಗಿತ್ತು. ಬಂದವರಿಗೆ ಬೈಕು ಕೊಡುತ್ತೇವೆ ಎಂದು ಜಾಹೀರಾತು ಹಾಕಿದ ಕಂಪನಿಯೂ ಇತ್ತು. ಹುಡುಗರು ಮೂರು ಮೂರು ಆಫರ್ ಇಟ್ಟುಕೊಂಡು ನಮ್ಮನ್ನು ಆಟವಾಡಿಸುತ್ತಿದ್ದರು. ಸೋಮವಾರ ಬರುತ್ತೇನೆ ಎಂದವನು ಭಾನುವಾರ ರಾತ್ರಿ ಫೋನ್ ಸ್ವಿಚ್ ಆಫ್ ಮಾಡುತ್ತಿದ್ದ. ಬೈದುಕೊಂಡು ಮತ್ತೊಬ್ಬನನ್ನು ಹುಡುಕುತ್ತಿದ್ದೆವು. ಆರು ಮಂದಿ ಇದ್ದ ನಮ್ಮ ತಂಡ ಹದಿನಾಲ್ಕಾಯಿತು. ಅದರ ಮೇಲೆ ಏಜೆನ್ಸಿ ಕಡೆಯಿಂದ ಐದು ಮಂದಿ ಕಾಂಟ್ರಾಕ್ಟಿನವರು.

ಜನರನ್ನು ತರುವುದಕ್ಕೆಂದೇ ಬೆಳೆಸಿದ ವಿಭಾಗ, ಜನ ಬೇಡವಾದ ದಿನ ಏನಾಗುತ್ತದೆ ಎಂಬುದು ಲೆಕ್ಕ ಬಂದವರಿಗೆಲ್ಲ ಗೊತ್ತು. 2022ರ ನವೆಂಬರಿನಲ್ಲಿ ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ 11,000 ಮಂದಿಯನ್ನು ತೆಗೆದಾಗ, ನೇಮಕಾತಿಯವರಿಗೆ ಹೆಚ್ಚು ಪೆಟ್ಟು ಬೀಳುತ್ತದೆ, ಮುಂದಿನ ವರ್ಷ ಸೇರಿಸಿಕೊಳ್ಳುವುದೇ ಕಡಿಮೆ ಎಂದು ಅದರ ಮುಖ್ಯಸ್ಥ ಜುಕರ್‌ಬರ್ಗ್ ಬರೆದಿದ್ದರು. ಜನವರಿಯಲ್ಲಿ ಗೂಗಲ್ 12,000 ಎಂದಿತು. ನಾವು ಕ್ಯಾಂಟೀನಿನಲ್ಲಿ ಅದನ್ನು ಓದಿ, ಪಾಪ ಎಂದು, ಚಹಾ ಕುಡಿದು ಎದ್ದೆವು. ಅಮೆರಿಕದ ಸುದ್ದಿ ಐರೋಲಿಗೆ ಬರಲು ಎರಡು ತಿಂಗಳು ಸಾಕಾಯಿತು.

ಮಾರ್ಚ್ 16, ಗುರುವಾರ. ಯುಗಾದಿಗೆ ಆರು ದಿನ. ಬೆಳಿಗ್ಗೆ ಹನ್ನೊಂದೂಕಾಲಿಗೆ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಒಂದು ಕರೆ ಬಂದು ಕೂತಿತು. ತಲೆಬರಹ ‘ಕನೆಕ್ಟ್’, ಅಷ್ಟೇ. ಪಕ್ಕದವಳ ಪರದೆಯನ್ನು ಓರೆಗಣ್ಣಿನಿಂದ ನೋಡಿದೆ. ಅವಳಿಗೂ ಬಂದಿತ್ತು, ಇಪ್ಪತ್ತು ನಿಮಿಷ ತಡವಾಗಿ. ಅಲ್ಲಿಗೆ ಇಬ್ಬರಿಗೂ ಅರ್ಥವಾಯಿತು. ಸಾಲುಸಾಲಾಗಿ ಇಂಟರ್‌ವ್ಯೂ ಹಾಕುವುದು ಹೇಗೆಂದು ನಮಗೆ ಯಾರೂ ಕಲಿಸಬೇಕಿರಲಿಲ್ಲ.

ಕರೆಯಲ್ಲಿದ್ದವಳು ದಿನಾ ನನ್ನ ಜೊತೆ ಡಬ್ಬಿ ಬಿಚ್ಚುತ್ತಿದ್ದ ಎಚ್‌ಆರ್ ಗೆಳತಿ. ಕೂತದ್ದು ಮೇಲಿನ ಮಹಡಿಯಲ್ಲೇ, ಆದರೂ ಪರದೆಯ ಮೇಲೆಯೇ ಮಾತು. ಅವಳ ಕಣ್ಣು ಕ್ಯಾಮೆರಾದಿಂದ ಸ್ವಲ್ಪ ಕೆಳಗಿತ್ತು, ಓದುತ್ತಿದ್ದಳು. ‘ನಿಮ್ಮ ರೋಲ್ ಇಂಪ್ಯಾಕ್ಟ್ ಆಗಿದೆ.’ ಆಮೇಲೆ ಬಂತು ನೋಡಿ: ‘ಇದಕ್ಕೂ ನಿಮ್ಮ ಯೋಗ್ಯತೆಗೂ ಸಂಬಂಧವಿಲ್ಲ.’ ನನ್ನ ಹಾಳೆ! ಪದ ಕೂಡ ಬದಲಾಗಿರಲಿಲ್ಲ. ನಗು ಬಂತು, ನಿಜವಾಗಿಯೂ. ಅವಳಿಗೆ ಯಾಕೆ ನಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ.

ಎರಡು ದಾರಿ ಎಂದಳು. ಸಂಜೆ ನಾಲ್ಕರೊಳಗೆ ರಾಜೀನಾಮೆ ಕೊಟ್ಟರೆ ಎರಡು ತಿಂಗಳ ಸಂಬಳ, ಒಳ್ಳೆಯ ರಿಲೀವಿಂಗ್ ಲೆಟರ್. ಕೊಡದಿದ್ದರೆ ಟರ್ಮಿನೇಷನ್, ದಾಖಲೆಯಲ್ಲಿ ಹಾಗೆಯೇ ಇರುತ್ತದೆ. ರಾಜೀನಾಮೆಯ ಕರಡೂ ಸಿದ್ಧವಿತ್ತು. ಎರಡೇ ಸಾಲು. ಮೊದಲ ಸಾಲಿನಲ್ಲೇ ‘ವೈಯಕ್ತಿಕ ಕಾರಣಗಳಿಂದ’.

ಆ ದಿನ ನಮ್ಮ ಹದಿನಾಲ್ಕರಲ್ಲಿ ಒಂಬತ್ತು ಮಂದಿ ಹೋದೆವು. ಯಾರು ಹೇಗಿದ್ದರು ಎಂದು ನೆನಪಿರುವಷ್ಟು ಹೇಳುತ್ತೇನೆ, ಏಕೆಂದರೆ ಇಂಥ ದಿನ ಎಲ್ಲರೂ ಅಳುತ್ತಾರೆ ಎಂದು ಹೊರಗಿನವರು ತಿಳಿದಿರುತ್ತಾರೆ. ಅತ್ತದ್ದು ಒಬ್ಬರೇ, ಅದೂ ಕೆಲಸ ಉಳಿದವರು.

ಕಲ್ಯಾಣದಿಂದ ಬರುತ್ತಿದ್ದ ಹುಡುಗಿಗೆ ಹನ್ನೆರಡಕ್ಕೆ ವಿಷಯ ತಿಳಿಯಿತು. ಹನ್ನೆರಡೂಕಾಲಿಗೆ ಅವಳು ಒಬ್ಬ ಅಭ್ಯರ್ಥಿಯ ಇಂಟರ್‌ವ್ಯೂ ಇಟ್ಟುಕೊಂಡಿದ್ದಳು. ತೆಗೆದುಕೊಂಡಳು. ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ನೋಡಬಯಸುತ್ತೀರಿ ಎಂಬ ಪ್ರಶ್ನೆಯನ್ನೂ ಬಿಡದೆ ಕೇಳಿ, ‘ಮುಂದಿನ ಸುತ್ತಿಗೆ ಕಳಿಸಬಹುದು’ ಎಂದು ಬರೆದು ಸಬ್ಮಿಟ್ ಒತ್ತಿ, ಆಮೇಲೆ ಬ್ಯಾಗಿಗೆ ಚಾರ್ಜರ್ ಹಾಕಿದಳು. ಘಣಸೋಲಿಯವನು ನಮ್ಮಲ್ಲೇ ಹೆಚ್ಚು ಜನರನ್ನು ಸೇರಿಸಿದವನು. ಅವನು ಅಭ್ಯರ್ಥಿಗಳ ಟ್ರ್ಯಾಕರ್ ತೆರೆದು ಕೊನೆಯ ಸಾಲಿನಲ್ಲಿ ತನ್ನ ಹೆಸರು ಹಾಕಿ, ಸ್ಟೇಟಸ್ ಕಾಲಂನಲ್ಲಿ ‘ಡ್ರಾಪ್’ ಆರಿಸಿ, ಎಲ್ಲರಿಗೂ ತೋರಿಸಿದ. ಠಾಣೆಯ ಹಿರಿಯರೊಬ್ಬರು, ನಮಗೆಲ್ಲ ತಾಯಿಯಂತೆ ಇದ್ದವರು, ಪ್ಯಾಂಟ್ರಿಗೆ ಹೋಗಿ ತಮ್ಮ ಚಹಾದ ಮಗ್ಗನ್ನು ತೊಳೆಯುತ್ತಾ ನಿಂತರು. ನಾನು ಎರಡು ಸಲ ಇಣುಕಿದೆ, ಎರಡು ಸಲವೂ ತೊಳೆಯುತ್ತಲೇ ಇದ್ದರು. ಕಾಂಟ್ರಾಕ್ಟಿನ ಐವರಿಗೆ ‘ಕನೆಕ್ಟ್’ ಕೂಡ ಇರಲಿಲ್ಲ. ಊಟ ಮುಗಿಸಿ ಬಂದರೆ ಗೇಟಿನಲ್ಲಿ ಅವರ ಕಾರ್ಡು ಹಸಿರು ದೀಪ ತೋರಲಿಲ್ಲ, ಅಷ್ಟೇ. ಸೆಕ್ಯುರಿಟಿಯವನು ಅವರ ಬ್ಯಾಗುಗಳನ್ನು ಒಂದೊಂದಾಗಿ ಕೆಳಗೆ ತಂದುಕೊಟ್ಟ. ಒಂಬತ್ತು ಎಂಬ ನಮ್ಮ ಲೆಕ್ಕದಲ್ಲಿ ಅವರು ಸೇರಿಯೇ ಇಲ್ಲ. ನಾನೂ ಈ ಸಾಲು ಬರೆಯುವಾಗಲೇ ಅದನ್ನು ಗಮನಿಸಿದ್ದು.

ನಾಲ್ಕು ಗಂಟೆಯೊಳಗೆ ಒಂಬತ್ತೂ ಮಂದಿ ಸಹಿ ಹಾಕಿದ್ದೆವು.

ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕಾನೂನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ, ಒಂದು ತಿಂಗಳ ನೋಟೀಸು, ವರ್ಷಕ್ಕೆ ಹದಿನೈದು ದಿನದ ಸಂಬಳ, ಕೊನೆಗೆ ಬಂದವನು ಮೊದಲು ಹೋಗಬೇಕೆಂಬ ಕ್ರಮ, ಇವನ್ನೆಲ್ಲ ಎಚ್‌ಆರ್ ಕೋರ್ಸಿನಲ್ಲಿ ಉರುಹೊಡೆದೇ ಪಾಸಾದವರು ನಾವು. ನಮ್ಮಂಥವರು ಆ ಕಾಯ್ದೆಯ ‘ವರ್ಕ್‌ಮನ್’ ಹೌದೋ ಅಲ್ಲವೋ ಎಂಬುದೇ ಕೋರ್ಟಿನಲ್ಲಿ ಮೊದಲು ತೀರ್ಮಾನವಾಗಬೇಕಿತ್ತು ನಿಜ. ಆದರೆ ಅದಲ್ಲ ಕಾರಣ. ಬೆಂಗಳೂರಿನಲ್ಲಿ ಐಟಿ ನೌಕರರ ಸಂಘ ಕೆಐಟಿಯು ಇದೆ, ಪುಣೆಯಲ್ಲಿ ನೈಟ್ಸ್ ಇದೆ, ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಕಾರಣವೆಂದರೆ, ಅರ್ಜಿಯಲ್ಲಿ ‘ಟರ್ಮಿನೇಟೆಡ್’ ಎಂದಿದ್ದವರನ್ನು ನಾವೇ ವರ್ಷಗಟ್ಟಲೆ ಬದಿಗೆ ಸರಿಸಿದ್ದೆವು. ಹಳೆಯ ಕಂಪನಿಗೆ ವೆರಿಫಿಕೇಷನ್‌ಗೆಂದು ಫೋನ್ ಹೋದಾಗ ಅತ್ತಲಿನ ದನಿ ಒಂದು ಕ್ಷಣ ತಡೆದರೂ ಸಾಕು, ಆ ಫೈಲು ಮುಚ್ಚುತ್ತಿತ್ತು. ಏನಾಯಿತೆಂದು ಒಬ್ಬರನ್ನೂ ನಾನು ಕೇಳಿದವಳಲ್ಲ. ಆ ಒಂದು ಪದಕ್ಕೆ ಎಷ್ಟು ಬೆಲೆ ಎಂಬುದು ಇಡೀ ಕಂಪನಿಯಲ್ಲಿ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅದಕ್ಕೇ ಎಲ್ಲರಿಗಿಂತ ಮೊದಲು ಅಂಜಿದವರೂ ನಾವೇ.

ಮೂರು ಗಂಟೆಯ ಹೊತ್ತಿಗೆ ಐರೋಲಿ ಸ್ಟೇಷನ್ನಿನಲ್ಲಿ ನಿಂತಿದ್ದೆ. ಆಗಿನ್ನೂ ದಿಘಾ ಸ್ಟೇಷನ್ ತೆರೆದಿರಲಿಲ್ಲ. ಐರೋಲಿ ಬಿಟ್ಟರೆ ಮುಂದಿನದೇ ಠಾಣೆ. ಠಾಣೆಯಲ್ಲಿ ಇಳಿದು ಸೇತುವೆ ಹತ್ತಿ ಡೊಂಬಿವಲಿ ಗಾಡಿಗೆ ಹೋದರೆ ಲೇಡೀಸ್ ಡಬ್ಬಿಯಲ್ಲಿ ಬೇಕಾದಷ್ಟು ಜಾಗ. ಆರೂವರೆ ವರ್ಷದಲ್ಲಿ ಆ ಗಾಡಿಯ ಕಿಟಕಿ ಪಕ್ಕ ಕೂತವಳೇ ಅಲ್ಲ ನಾನು. ನಾಲ್ಕನೇ ಸೀಟಿನ ಅಂಚು ಸಿಕ್ಕರೆ ಅದೇ ಭಾಗ್ಯ. ಮುಂಬ್ರಾದ ಗುಡ್ಡ, ಕೆಳಗೆ ಖಾಡಿಯ ನೀರು, ಎಲ್ಲ ಕಂಡವು. ಕಿವಿಯೋಲೆ ಮಾರುವವಳು ಬಂದು ಎದುರು ಕೂತು, ಇಷ್ಟು ಬೇಗ ಹೊರಟೆಯಾ ಎಂದು ಮಾತಾಡಿಸಿದಳು. ಹತ್ತು ರೂಪಾಯಿಯ ಕ್ಲಿಪ್ಪು ಕೊಂಡೆ. ಪಾಸ್ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಅದನ್ನು ತುರುಕುವಾಗ ತಾರೀಖು ಕಣ್ಣಿಗೆ ಬಿತ್ತು. ಸೋಮವಾರವಷ್ಟೇ ಮೂರು ತಿಂಗಳ ಪಾಸ್ ಮಾಡಿಸಿದ್ದೆ. ಜೂನ್ 12ರವರೆಗೆ ಐರೋಲಿಗೆ ಹೋಗಿಬರಲು ರೈಲ್ವೆಯ ಅಡ್ಡಿಯೇನೂ ಇರಲಿಲ್ಲ.

ಮನೆಯಲ್ಲಿ ಮಾವ ಒಬ್ಬರೇ ಇದ್ದರು. ಕುಂದಾಪುರ ಬದಿಯವರು. 1974ರಲ್ಲಿ ಊರಿನ ಪೈಕಿಯವರೊಬ್ಬರ ಕೈಹಿಡಿದು ಮಾಟುಂಗಾದ ಹೋಟೆಲಿಗೆ ಬಂದು, ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದವರು. ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಆ ರಸ್ತೆಯುದ್ದಕ್ಕೂ ಚಿಮಣಿಗಳಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳಿವೆ; ನಮ್ಮದೂ ಅವುಗಳಲ್ಲೊಂದು.

‘ಎಂತ ಮಾರಾಯ್ತಿ, ಇವತ್ ಬೇಗ?’

ಹೇಳಿದೆ. ಅವರು ಟಿವಿಯ ಸದ್ದು ತಗ್ಗಿಸಿದರು. ಎಷ್ಟು ಮಂದಿ ಎಂದು ಕೇಳಿದರು. ಒಂಬತ್ತು ಎಂದೆ.

‘ಗೇಟಿನ ಹತ್ರ ಯಾರೂ ನಿಂತ್ಕಣ್ಲಿಲ್ಯಾ?’

ಇಲ್ಲ ಮಾವ, ಎಲ್ಲರೂ ಸಹಿ ಮಾಡಿ ಕೊಟ್ಟೆವು ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ. ಅವರ ಕಾಲದಲ್ಲಿ ಕೆಲಸ ಹೋಯಿತೆಂದರೆ ಗೇಟಿಗೆ ಬೀಗ, ಬೀಗದ ಎದುರು ಚಾಪೆ, ಯೂನಿಯನ್ನಿನ ಬಾವುಟ, ಸಂಜೆ ಗೇಟ್ ಮೀಟಿಂಗ್. 1982ರಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಹಿಂದೆ ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದದ್ದನ್ನು ಕಣ್ಣಾರೆ ಕಂಡವರು ಅವರು. ಆ ಹೋರಾಟಗಳು ಗೆದ್ದವು ಎಂದು ನಾನೇನೂ ಹೇಳುತ್ತಿಲ್ಲ. ಗಿರಣಿಗಳು ಎದ್ದು ನಿಲ್ಲಲೇ ಇಲ್ಲ. ಇಲ್ಲೇ ಕಲ್ಯಾಣದ ಮಗ್ಗುಲಿನ ಮೋಹನೆಯಲ್ಲಿ ಎನ್‌ಆರ್‌ಸಿ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿದ ಮೇಲೆ ಅಲ್ಲಿಯವರು ಬಾಕಿ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಆದರೂ ಮಾವನ ಬಳಿ ಆ ದಿನಗಳ ಒಂದು ಹಳೆಯ ಫೈಲಿದೆ, ಹಗ್ಗ ಕಟ್ಟಿದ್ದು. ನನ್ನ ಬಳಿ ಏನಿತ್ತು? ನಾನೇ ಬರೆದುಕೊಟ್ಟ ರಾಜೀನಾಮೆ.

ರಾತ್ರಿ ಎಚ್‌ಆರ್‌ನಿಂದ ಲೆಕ್ಕದ ಹಾಳೆ ನನ್ನ ಸ್ವಂತ ಮೇಲ್‌ಗೆ ಬಂತು. ಗಂಡ ಓದಿ ಹೇಳುತ್ತಿದ್ದ, ಮಾವ ಕೇಳುತ್ತಿದ್ದರು. ಗ್ರಾಚ್ಯುಯಿಟಿ: ಮೂಲ ವೇತನ 32,000, ಆರು ವರ್ಷ, ಒಟ್ಟು 1,10,769.

‘ನೀ ಸೇರದ್ದ್ ಯಾವಾಗ?’

2016ರ ಜುಲೈ ಎಂದೆ. ಬೆರಳು ಮಡಚಿ ಎಣಿಸಿದರು. ‘ಆರ್ ವರ್ಷ ಎಂಟ್ ತಿಂಗ್ಳ್. ಆರ್ ತಿಂಗ್ಳ್ ದಾಟಿರೆ ಅದ್ ವರ್ಷವೇ ಲೆಕ್ಕ. ಏಳ್ ಆಯ್ತಲೆ. ಬಿಡುಕಾಗ.’

1972ರ ಕಾಯ್ದೆ ತೆಗೆದು ನೋಡಿದೆ. ಹೌದು, ಆರು ತಿಂಗಳಿಗೆ ಮೇಲ್ಪಟ್ಟ ಭಾಗಕ್ಕೂ ಒಂದು ವರ್ಷದ ಹಣ. ತಿಂಗಳ ವೇತನವನ್ನು ಇಪ್ಪತ್ತಾರರಿಂದ ಭಾಗಿಸಿ ಹದಿನೈದರಿಂದ ಗುಣಿಸಿದರೆ ವರ್ಷವೊಂದಕ್ಕೆ 18,461 ರೂಪಾಯಿ ಚಿಲ್ಲರೆ. ಆ ರಾತ್ರಿಯೇ ಕಲಂ ಸಮೇತ ಮೇಲ್ ಬರೆದೆ. ಮೂರನೇ ದಿನಕ್ಕೆ ತಿದ್ದಿದ ಹಾಳೆ ಬಂತು: 1,29,231. ಕ್ಷಮಿಸಿ ಎಂಬ ಮಾತಿಲ್ಲ, ವಿವರಣೆ ಇಲ್ಲ. ಇಡೀ ಪ್ರಕರಣದಲ್ಲಿ ನಾನು ಗೆದ್ದದ್ದು ಅಷ್ಟೇ. ಉಳಿದ ಎಂಟು ಮಂದಿಗೂ ತಕ್ಷಣ ಫೋನ್ ಮಾಡಿದೆ. ಇಬ್ಬರಿಗೆ ಹೀಗೇ ಒಂದೊಂದು ವರ್ಷ ಕಡಿಮೆ ಬಿದ್ದಿತ್ತು. ಐದು ವರ್ಷ ತುಂಬದವರಿಗೆ ಏನೂ ಇರಲಿಲ್ಲ.

ಯುಗಾದಿಯ ಬೆಳಿಗ್ಗೆ ಫಡಕೆ ರಸ್ತೆಯ ಶೋಭಾಯಾತ್ರೆಯಲ್ಲಿ ಮಗಳು ಲೇಝಿಮ್ ಆಡಲಿದ್ದಳು, ನೋಡಲು ಹೋದೆವು. ಡೋಲು-ತಾಶೆಯ ಸದ್ದಿನ ನಡುವೆ ನಮ್ಮ ಕಡೆಯ ಪರಿಚಿತರೊಬ್ಬರು ಕಿವಿಗೆ ಬಾಯಿಟ್ಟು ಕೂಗಿದರು: ‘ಮಗನ ರೆಸ್ಯೂಮೆ ವಾಟ್ಸ್‌ಆ್ಯಪ್ ಮಾಡಿದ್ದೇನೆ, ನೋಡಿದೆಯಾ?’ ನೋಡುತ್ತೇನೆ ಎಂದೆ.

ಇದೊಂದನ್ನು ಸ್ವಲ್ಪ ಹೇಳಬೇಕು. ಡೊಂಬಿವಲಿಯಲ್ಲಿ ಕನ್ನಡದವರು ಬಹಳ. ಕರ್ನಾಟಕ ಸಂಘ ಇದೆ, ಅದರ ಮಂಜುನಾಥ ವಿದ್ಯಾಲಯ ಇದೆ, ಯಕ್ಷಗಾನ, ಶನಿಪೂಜೆ, ಮದುವೆ, ಎಲ್ಲಿ ಹೋದರೂ ನನ್ನ ಗುರುತು ಒಂದೇ: ‘ಕಂಪನಿಯಲ್ಲಿ ಕೆಲಸ ಕೊಡಿಸುವವಳು’. ನಾನು ಯಾರಿಗೂ ಕೆಲಸ ಕೊಡಿಸಿದವಳಲ್ಲ, ಸಾಲಿನಲ್ಲಿ ನಿಲ್ಲಿಸುವವಳು ಅಷ್ಟೇ. ಆದರೆ ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಊರಿನಿಂದ ಹುಡುಗರನ್ನು ಕರೆಸಿ ಕೆಲಸಕ್ಕೆ ಹಚ್ಚುವುದು ನಮ್ಮವರಿಗೆ ಮುಂಬೈಯಲ್ಲಿ ತಲೆಮಾರುಗಳ ರೂಢಿ. ಮಾವನನ್ನು ಹೋಟೆಲಿಗೆ ಸೇರಿಸಿದವರು ಅವರನ್ನು ಸುಮ್ಮನೆ ಹೊರಗೆ ಹಾಕುವ ಹಾಗಿರಲಿಲ್ಲ, ಹಬ್ಬಕ್ಕೆ ಊರಿಗೆ ಹೋದಾಗ ಮಾವನ ತಾಯಿಗೆ ಮುಖ ತೋರಿಸಬೇಕಿತ್ತು. ಹಾಗಂತ ಅದೇನು ರಾಮರಾಜ್ಯವಲ್ಲ. ಸಂಬಳ ಎಷ್ಟಿತ್ತು, ಎಲ್ಲಿ ಮಲಗುತ್ತಿದ್ದರು ಎಂದು ಕೇಳಿ ನೋಡಿ, ಮಾವನಿಗೆ ಅದೂ ನೆನಪಿದೆ.

ಕೆಲಸ ಹೋದ ಸುದ್ದಿಯನ್ನು ನಾನು ಮುಚ್ಚಿಡಲಿಲ್ಲ, ಸಾರಿಕೊಂಡೂ ಬರಲಿಲ್ಲ. ಮೊದಲ ನಾಲ್ಕೈದು ತಿಂಗಳಲ್ಲಿ ಕೆಲಸವಿಲ್ಲದ ನನ್ನ ಫೋನಿಗೆ ಬಂದ ರೆಸ್ಯೂಮೆಗಳು ನಲವತ್ತೊಂದು. ಅಷ್ಟರಲ್ಲಿ ನನ್ನದೇ ಅರ್ಜಿ ಹೋದದ್ದು ಅದರ ಎರಡರಷ್ಟು ಕಡೆಗೆ. ರಿಕ್ರೂಟರ್ ಕೆಲಸ ಒಂದು ಖಾಲಿಯಾಯಿತೆಂದರೆ ಅದಕ್ಕೆ ಅರ್ಜಿ ಹಾಕುವವರೆಲ್ಲ ನಮ್ಮ ಹಾಗೆ ಹೊರಬಿದ್ದವರೇ. ಹೆಚ್ಚಿನ ಕಡೆ ಉತ್ತರವೇ ಇಲ್ಲ. ‘ನಿಮ್ಮ ಪ್ರೊಫೈಲ್ ನಮ್ಮಲ್ಲಿ ಇಟ್ಟುಕೊಂಡಿದ್ದೇವೆ’ ಎಂಬ ಉತ್ತರ ಬಂದಾಗ ಅದರ ಅರ್ಥವನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊದಲ ತಿಂಗಳು ಬೆಳಿಗ್ಗೆ ಎಂಟೂ ನಲವತ್ತಕ್ಕೆ ಕೈ ತಾನಾಗಿ ಲ್ಯಾಪ್‌ಟಾಪ್ ಇದ್ದ ಕಡೆಗೆ ಹೋಗುತ್ತಿತ್ತು. ಗಾಡಿಯ ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗಾಡಿ ಆರು ನಿಮಿಷ ಲೇಟ್’ ಎಂಬ ಸಂದೇಶ ದಿನಾ ಬರುತ್ತಿತ್ತು. ಗುಂಪು ಬಿಡಲು ಮನಸ್ಸಾಗಲಿಲ್ಲ. ಬ್ಯಾಂಕಿನವಳು, ಎಲ್‌ಐಸಿಯವಳು ಭಾನುವಾರ ಮನೆಗೆ ಬಂದು ಕೂತು ಹೋದರು. ಸರ್ಕಾರಿ ಕೆಲಸದವರ ಮರುಕ ಬೇರೆ ಬಗೆ, ಅವರು ಮೊದಲು ಗಂಡನ ಸಂಬಳ ಕೇಳುತ್ತಾರೆ. ಮನೆಸಾಲದ ಕಂತು 27,400. ಒಂದು ತಿಂಗಳು ಕೆಲಸವಿಲ್ಲದಿದ್ದರೆ ಪಿಎಫ್‌ನ ಮುಕ್ಕಾಲು ಭಾಗ ತೆಗೆಯಬಹುದಿತ್ತು. ಮಾವ ಬಿಡಲಿಲ್ಲ.

ಕೆಲಸ ಉಳಿದ ಐವರ ಬಗ್ಗೆ ಆಗ ಹೊಟ್ಟೆಕಿಚ್ಚಿತ್ತು. ಹದಿನಾಲ್ಕು ಮಂದಿಯ ಕೆಲಸ ಅವರ ಪಾಲಿಗೆ ಬಂದದ್ದು, ಮ್ಯಾನೇಜರ್ ತಾವೇ ಒಂಬತ್ತು ಹೆಸರು ಪಟ್ಟಿ ಮಾಡಿಕೊಟ್ಟು ಜುಲೈನಲ್ಲಿ ತಾವೂ ಹೊರಬಂದದ್ದು ಆಮೇಲೆ ತಿಳಿಯಿತು. ಮ್ಯಾನೇಜರ್ ಒಮ್ಮೆ ಫೋನ್ ಮಾಡಿದ್ದರು. ಹವಾಮಾನ, ಮಳೆ, ಮಕ್ಕಳು ಎಂದೆಲ್ಲ ಮಾತಾಡಿದೆವು.

ಹುಬ್ಬಳ್ಳಿಯ ಹುಡುಗನ ನಂಬರು ಆಫೀಸಿನ ಟ್ರ್ಯಾಕರಿನೊಡನೆ ಹೋಗಿರಬೇಕೆಂದುಕೊಂಡಿದ್ದೆ. ಮಳೆಗಾಲದಲ್ಲೊಂದು ದಿನ ಹಳೆಯ ಡೈರಿ ತಿರುವುವಾಗ ಸಿಕ್ಕಿತು, ಮುಂದೆ ಪೆನ್ಸಿಲ್ಲಿನಲ್ಲಿ ‘ಲಾಸ್ಟ್ ಡೇ’ ಎಂದು ಬರೆದುಕೊಂಡಿದ್ದೆ. ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ, ಅದನ್ನೂ ಯೋಚಿಸಿರಲಿಲ್ಲ.

ನವೆಂಬರಿನಲ್ಲಿ ಕೆಲಸ ಸಿಕ್ಕಿತು. ಠಾಣೆಯ ವಾಗಳೆ ಎಸ್ಟೇಟಿನಲ್ಲಿ ಒಂದು ಪ್ಲೇಸ್‌ಮೆಂಟ್ ಏಜೆನ್ಸಿ. ಇಂಟರ್‌ವ್ಯೂ ಮಾಡಿದವಳಿಗೆ ಇಪ್ಪತ್ತೈದು ವರ್ಷ ಇರಬಹುದು. ಎಂಟು ತಿಂಗಳ ಗ್ಯಾಪ್ ಯಾಕೆ ಎಂದಳು. ತೆಗೆದುಹಾಕಿದರು, ಕಾಗದದಲ್ಲಿ ವೈಯಕ್ತಿಕ ಕಾರಣ ಎಂದಿದೆ ಎಂದೆ. ಅವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಬರೆದುಕೊಂಡಳು. ಸಂಬಳ ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಭಿವಂಡಿಯ ಗೋದಾಮುಗಳಿಗೆ ಸಾಮಾನು ಆರಿಸಿ ಪ್ಯಾಕ್ ಮಾಡುವ ಹುಡುಗರನ್ನು ಒದಗಿಸುವುದು ನಮ್ಮ ಕೆಲಸ. ಪಾಸು ಈಗ ಠಾಣೆವರೆಗೆ ಮಾತ್ರ.

ರೆಸ್ಯೂಮೆ ಕಳಿಸುವ ಡೊಂಬಿವಲಿ, ಕಲ್ಯಾಣದವರು ಈಗಲೂ ಕಳಿಸಬಹುದು, ನೋಡುತ್ತೇನೆ. ಕೆಲಸ ಭಿವಂಡಿಯಲ್ಲಿ, ಪಾಳಿ ಹತ್ತು ಗಂಟೆ, ಮೂರು ತಿಂಗಳ ಕಾಂಟ್ರಾಕ್ಟ್. ಪಿಎಫ್ ಇದೆ. ಗ್ರಾಚ್ಯುಯಿಟಿ ಇಲ್ಲ.